ಉರಿಯುತ್ತಿರುವ ಪರದೆ, ಖಾಲಿ ಕುರ್ಚಿ



ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಾಗಲಿ, ಈಗ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ಕಚೇರಿಗಳಲ್ಲಾಗಲಿ, ನಮ್ಮ ಶಾಲೆಗಳಲ್ಲಾಗಲಿ ಇಂದು ಗಣಕಯಂತ್ರವಿಲ್ಲದೆ ಕೆಲಸ ಸಾಗದು. ಪಹಣಿ ಬೇಕಾದರೂ ಆದಾಯ ಪ್ರಮಾಣಪತ್ರ ಬೇಕಾದರೂ ಅದರ ಮುಂದೆಯೇ ನಿಲ್ಲಬೇಕು. ಕೋಣೆಯಿಂದ ಹೊರಡುವಾಗ ಫ್ಯಾನು, ದೀಪಗಳನ್ನು ಆರಿಸುವ ನಾವು ಗಣಕಯಂತ್ರವನ್ನು ಮಾತ್ರ ಹಾಗೆಯೇ ಬಿಟ್ಟು ಊಟಕ್ಕೆ ಹೋಗುತ್ತೇವೆ. ಏಕೆ? ಮತ್ತೆ ಹಚ್ಚಲು ಹೊತ್ತು ಹಿಡಿಯುತ್ತದೆಂಬ ಬೇಸರ ಒಂದು. ಅದು ಎಷ್ಟು ತಾನೇ ಕರೆಂಟ್ ತಿಂದೀತು ಎಂಬ ಭಾವನೆ ಇನ್ನೊಂದು.

ಎಷ್ಟು ತಿನ್ನುತ್ತದೆಂದು ಲೆಕ್ಕ ಹಾಕಿ ನೋಡೋಣ. ಪರದೆಯೂ ಸೇರಿ 80 ವ್ಯಾಟ್ ಎಳೆಯುವ ಒಂದು ಯಂತ್ರ ದಿನಕ್ಕೆ 5 ತಾಸು ಯಾರೂ ಮುಟ್ಟದೆ ಉರಿದರೆ, 25 ದಿನಗಳಲ್ಲಿ 10 ಯೂನಿಟ್ ವ್ಯರ್ಥ. ಅಂಥ 20 ಯಂತ್ರಗಳಿರುವ ಶಾಲಾ ಕೋಣೆಯಲ್ಲಿ ತಿಂಗಳಿಗೆ 200 ಯೂನಿಟ್! ಅದೇ ತಾಸುಗಳನ್ನು ಅವು ನಿದ್ರೆಯಲ್ಲಿ, ಅಂದರೆ 'ಸ್ಲೀಪ್' ಸ್ಥಿತಿಯಲ್ಲಿ ಕಳೆದರೆ ಒಂದೊಂದಕ್ಕೆ 3 ವ್ಯಾಟ್ ಹಿಡಿದರೂ ಒಟ್ಟು 8 ಯೂನಿಟ್ ಕೂಡ ಆಗದು.

ಈ ಯೂನಿಟ್‌ಗಳ ಮೂಲ ನಮಗೆ ದೂರದ ವಿಷಯವಲ್ಲ. ನಮ್ಮ ಜಿಲ್ಲೆಯ ಕೂಡಗಿಯಲ್ಲಿಯೇ 2,400 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಅದಕ್ಕೆ ನೀರು ಆಲಮಟ್ಟಿ ಜಲಾಶಯದ್ದು. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಬೇಕು. ಹಾಗಾದರೆ ಮೇಲಿನ 200 ಯೂನಿಟ್‌ಗೆ ಒಂದು ಕ್ವಿಂಟಲ್‌ಗೂ ಮಿಕ್ಕಿ! ಹಾರುಬೂದಿಯ ತಾಪತ್ರಯವನ್ನು ಅಲ್ಲಿನ ರೈತರೇ ಹೇಳುತ್ತಾರೆ. ನಾವು ಉಳಿಸಿದ ಕರೆಂಟ್ ನೇರವಾಗಿ ತಿಕೋಟಾದ ದ್ರಾಕ್ಷಿ ತೋಟದ ಪಂಪಿಗೆ ಹರಿಯುತ್ತದೆಂದು ಹೇಳಿದರೆ ಅದು ಸುಳ್ಳಾದೀತು. ವಿದ್ಯುತ್ ಜಾಲ ಅಂಥ ಲೆಕ್ಕ ಇಡುವುದಿಲ್ಲ. ಆದರೆ ಬೇಡಿಕೆ ಇಳಿದಷ್ಟು ಎಲ್ಲೋ ಒಂದೆಡೆ ಉರಿಸುವುದು ಕಡಿಮೆಯಾಗುತ್ತದೆ.

ಮನೆಗಳಲ್ಲಿ 2023ರಿಂದ ಗೃಹಜ್ಯೋತಿ ಇರುವುದರಿಂದ ಬಿಲ್ ಸೊನ್ನೆ ಬರುತ್ತದೆ, ಉಳಿಸುವುದೇಕೆ ಎನ್ನುವವರಿದ್ದಾರೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕೆಂಬುದು ಅವರಿಗೆ ನೆನಪಿರಲಿ. ಅಂಗಡಿ, ಶಾಲೆಗಳಿಗಂತೂ ಆ ಯೋಜನೆಯೇ ಇಲ್ಲ.

ಈಗ ಮಾಡಬೇಕಾದದ್ದು. ವಿಂಡೋಸ್ ಯಂತ್ರದಲ್ಲಿ 'ಸೆಟ್ಟಿಂಗ್ಸ್' ತೆರೆದು 'ಸಿಸ್ಟಮ್' ಒಳಗೆ 'ಪವರ್' ಎಂದಿರುವ ಸಾಲನ್ನು ಒತ್ತಿರಿ. ಪರದೆ ಎಷ್ಟು ನಿಮಿಷಕ್ಕೆ ಆರಬೇಕು, ಯಂತ್ರ ಎಷ್ಟು ನಿಮಿಷಕ್ಕೆ ನಿದ್ರಿಸಬೇಕು ಎಂದು ಅಲ್ಲಿ ಕೇಳುತ್ತದೆ. ಪರದೆಗೆ 5, ಯಂತ್ರಕ್ಕೆ 15 ನಿಮಿಷ ಸಾಕು. ಕೀಲಿಮಣೆ ಮುಟ್ಟಿದೊಡನೆ ಬಿಟ್ಟ ಕೆಲಸ ಬಿಟ್ಟಲ್ಲೇ ಸಿಗುತ್ತದೆ. ಪರದೆಯ ಮೇಲೆ ಮೀನು, ಹೂವು ತೇಲಾಡುವ 'ಸ್ಕ್ರೀನ್ ಸೇವರ್' ಉಳಿತಾಯವಲ್ಲ. ಹಳೆಯ ಡಬ್ಬಿಯಂಥ ಪರದೆಗಳಲ್ಲಿ ಒಂದೇ ಚಿತ್ರ ಅಚ್ಚೊತ್ತಿ ಉಳಿಯದಿರಲೆಂದು ಹುಟ್ಟಿದ ಉಪಾಯವದು. ಅದು ಆಡುವಷ್ಟು ಹೊತ್ತೂ ಪರದೆ ಉರಿಯುತ್ತಲೇ ಇರುತ್ತದೆ.

ಕರೆಂಟ್ ಹೋಗಿಬರುವ ನಮ್ಮ ಊರುಗಳಲ್ಲಿ ಒಂದು ಎಚ್ಚರಿಕೆ ಬೇಕು. ನಿದ್ರಿಸುವ ಯಂತ್ರ ನಮ್ಮ ಕೆಲಸವನ್ನು ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತದೆ. ಆ ಸ್ಮೃತಿಗೆ ತುಸು ಕರೆಂಟ್ ಬೇಕೇ ಬೇಕು. ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಬಿಟ್ಟರೆ ಸೇವ್ ಮಾಡದ ಅರ್ಜಿ ಮಾಯವಾಗಬಹುದು. 'ಹೈಬರ್ನೇಟ್' ಎಂಬ ಇನ್ನೊಂದು ಸ್ಥಿತಿಯಲ್ಲಿ ಯಂತ್ರ ಎಲ್ಲವನ್ನೂ ಡಿಸ್ಕಿನಲ್ಲಿ ಬರೆದಿಟ್ಟು ತಾನು ಆರುತ್ತದೆ. ಏಳಲು ತುಸು ತಡವಾದರೂ ಕರೆಂಟ್ ಹೋದರೆ ಚಿಂತೆಯಿಲ್ಲ. ಅನೇಕ ಯಂತ್ರಗಳಲ್ಲಿ ಇದು ಅಡಗಿರುತ್ತದೆ. 'ಕಂಟ್ರೋಲ್ ಪ್ಯಾನಲ್'ನ 'ಪವರ್ ಆಪ್ಷನ್ಸ್'ನಲ್ಲಿ, ಪವರ್ ಗುಂಡಿ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ ಇದಕ್ಕೆ ಗುರುತು ಹಾಕಬೇಕು. ಕರೆಂಟ್ ಭರವಸೆಯಿಲ್ಲದ ಹಳ್ಳಿಯ ಅಂಗಡಿಗೆ ನಾವು ಹೇಳುವುದು ಇದನ್ನೇ.

ಎಲ್ಲ ಯಂತ್ರಗಳಿಗೂ ನಿದ್ರೆ ಸಲ್ಲದು. ಕಾವಲು ಕ್ಯಾಮೆರಾದ ದಾಖಲೆ ಹಿಡಿಯುವ ಯಂತ್ರವನ್ನೂ, ಇತರ ಯಂತ್ರಗಳಿಗೆ ಕಡತ ಒದಗಿಸುವ ಮುಖ್ಯ ಯಂತ್ರವನ್ನೂ ಹಾಗೆಯೇ ಬಿಡಿ.

ಕ್ರಿಸ್ಮಸ್ ರಜೆಗೆ ಶಾಲೆ ಮುಚ್ಚುವಾಗ ನಿದ್ರೆಯೂ ಸಾಲದು. ಪೂರ್ತಿ ಆರಿಸಿ, ಗೋಡೆಯ ಸ್ವಿಚ್ಚನ್ನೂ ತೆಗೆಯಿರಿ. ಏಕೆಂದರೆ ಯುಪಿಎಸ್ ತಾನೇ ಸುಮ್ಮನೆ ಕುಳಿತು ಕರೆಂಟ್ ಕುಡಿಯುತ್ತದೆ. ಬೇಸಿಗೆಯ ದೀರ್ಘ ರಜೆಯಲ್ಲಿ ಮಾತ್ರ ತಿಂಗಳಿಗೊಮ್ಮೆ ಯಾರಾದರೂ ಬಂದು ಅದನ್ನು ಒಂದು ದಿನ ಚಾರ್ಜಿಗೆ ಹಾಕಿದರೆ ಬ್ಯಾಟರಿ ಕೆಡುವುದಿಲ್ಲ.