ಗಾಳಿಯಲ್ಲಿ ನಿಲ್ಲುವ ಚಾಣ: ನಂಬಿಕೆ ಎಷ್ಟು, ನಿಜ ಎಷ್ಟು

ಮಳೆಗಾಲ ಮುಗಿದು ಬಯಲುಸೀಮೆಯ ಹುಲ್ಲು ಒಣಗತೊಡಗಿದ ಹೊತ್ತಿಗೆ ಹೆಸರಘಟ್ಟದ ಹುಲ್ಲುಗಾವಲಿಗೂ ಮಧುಗಿರಿ ಸೀಮೆಯ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿಗೂ ಉತ್ತರದಿಂದ ಚಾಣಗಳು ಬಂದಿಳಿಯುತ್ತವೆ. ಪಕ್ಷಿವೀಕ್ಷಕರು ಕೆಸ್ಟ್ರೆಲ್ ಎಂದು ಕರೆಯುವ ಚಾಣ ಇದು. ಇಟ್ಟಿಗೆ ಬಣ್ಣದ ಬೆನ್ನು, ಚೂಪು ರೆಕ್ಕೆ, ಉದ್ದ ಬಾಲ, ತೂಕ ಇನ್ನೂರು ಗ್ರಾಂ ಆಸುಪಾಸು. ಹೊಲದ ಮೇಲೆ ಗಾಳಿಗೆ ಮುಖಮಾಡಿ ಒಂದೇ ಕಡೆ ನಿಂತುಬಿಡುವುದು ಇದರ ಗುರುತು. ಬಿಳಿ ಮೈ, ಕಪ್ಪು ಹೆಗಲು, ಕೆಂಪು ಕಣ್ಣಿನ ಒಂದು ಚಿಕ್ಕ ಹದ್ದೂ ಹೀಗೆ ನಿಲ್ಲುತ್ತದೆ. ಹಾಗಾಗಿ ನಿಂತದ್ದೆಲ್ಲ ಚಾಣವಲ್ಲ.

ಈ ಹಕ್ಕಿಯ ಬೇಟೆಯ ಬಗ್ಗೆ ಹಬ್ಬಿರುವ ತಪ್ಪು ಮಾತುಗಳಲ್ಲಿ ಕೆಲವು ಊರಿನವು, ಕೆಲವು ವಿಜ್ಞಾನದ ಪುಸ್ತಕಗಳಿಂದಲೇ ಬಂದವು. ಅದನ್ನು ಪವಾಡದ ಹಕ್ಕಿ ಮಾಡುವ ಆತುರದಲ್ಲಿ ಅದು ದಿನವಿಡೀ ಹಾಕುವ ಲೆಕ್ಕಾಚಾರ ನಮಗೆ ಕಾಣದೇ ಹೋಗುತ್ತದೆ ಎಂಬುದು ನನ್ನ ಬೇಸರ.

ಗಾಳಿಯೇ ಎತ್ತಿ ಹಿಡಿದಿರುತ್ತದೆ, ಹಕ್ಕಿಗೆ ಶ್ರಮವಿಲ್ಲ ಎಂದು ನೋಡಿದವರಿಗೆ ಅನಿಸುವುದು ಸಹಜ. ಗುಡ್ಡದ ಏರಿನಲ್ಲಿ ಗಾಳಿ ಮೇಲ್ಮುಖವಾಗಿ ಬೀಸುವಾಗ ಅದು ನಿಜವೂ ಹೌದು. ಅಲ್ಲಿ ಚಾಣ ರೆಕ್ಕೆ ಬಡಿಯದೆ ತೇಲಿ ನಿಲ್ಲಬಲ್ಲದು. ಸಮತಟ್ಟು ಹೊಲದ ಮೇಲೆ ಆ ಅನುಕೂಲವಿಲ್ಲ. ಅಲ್ಲಿ ಎದುರುಗಾಳಿ ಎಷ್ಟು ವೇಗವಾಗಿ ಬರುತ್ತದೋ ಅಷ್ಟೇ ವೇಗದಲ್ಲಿ ಅದು ಮುಂದಕ್ಕೆ ಹಾರುತ್ತಿರುತ್ತದೆ, ನಮಗೆ ನಿಂತಂತೆ ಕಾಣುತ್ತದೆ. ನೆದರ್ಲೆಂಡ್ಸ್‌ನ ಜಾನ್ ವಿಡೆಲರ್ ಮತ್ತು ಸಂಗಡಿಗರು ಹೀಗೆ ಹಾರುವ ಚಾಣವನ್ನು ಚಿತ್ರೀಕರಿಸಿ ಅಳೆದು 1983ರಲ್ಲಿ ಬರೆದರು: ಮೈ ಎಷ್ಟೇ ಓಲಾಡಿದರೂ ತಲೆ ಆರು ಮಿಲಿಮೀಟರ್‌ಗಿಂತ ಹೆಚ್ಚು ಕದಲುವುದಿಲ್ಲ. ನಡುನಡುವೆ ಹಕ್ಕಿ ರೆಕ್ಕೆ ಬಡಿತ ನಿಲ್ಲಿಸಿ ಕ್ಷಣಕಾಲ ತೇಲುತ್ತದೆ. ಆಗ ಗಾಳಿ ಮೈಯನ್ನು ಹಿಂದಕ್ಕೆ ತಳ್ಳಿದಷ್ಟೂ ಕತ್ತು ಮುಂದಕ್ಕೆ ಚಾಚುತ್ತದೆ. ತುಸು ಶಕ್ತಿ ಉಳಿಯಿತು, ನೆಲದ ಮೇಲಿನ ದೃಷ್ಟಿಯೂ ಕದಲಲಿಲ್ಲ.

ಇಷ್ಟು ದುಬಾರಿಯಾದ ಹಾರಾಟವನ್ನು ಅದು ಸದಾ ಮಾಡುವುದಿಲ್ಲ. ಕರೆಂಟ್ ಕಂಬದ ತಂತಿಯ ಮೇಲೆ, ಒಣಗಿದ ಜಾಲಿಯ ತುದಿಯಲ್ಲಿ ಕೂತ ಚಾಣವನ್ನು ಕಂಡು ಅದು ದಣಿವಾರಿಸಿಕೊಳ್ಳುತ್ತಿದೆ ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ದಯವಿಟ್ಟು ನಿಂತು ನೋಡಿ, ಅದೂ ಬೇಟೆಯೇ. ಗ್ರೋನಿಂಗನ್ ವಿಶ್ವವಿದ್ಯಾಲಯದ ಸರ್ಜ್ ಡಾನ್ ಮತ್ತು ಜೊತೆಗಾರರು ಸಮುದ್ರದಿಂದ ಪಡೆದ ಲೌವರ್ಸ್‌ಮೇರ್ ಎಂಬ ಬಯಲಿನಲ್ಲಿ ವರ್ಷಗಟ್ಟಲೆ ಚಾಣಗಳ ಬೆನ್ನುಹತ್ತಿ ಈ ಜಮಾಖರ್ಚನ್ನು ಬಿಡಿಸಿದರು. ಹಾರುತ್ತ ಬೇಟೆಯಾಡಿದರೆ ಗಂಟೆಗೆ ಸಿಗುವ ಇಲಿ ಹೆಚ್ಚು, ಖರ್ಚೂ ಬಹಳ. ಕೂತು ಕಾದರೆ ಎರಡೂ ಕಡಿಮೆ. ಚಳಿಗಾಲದಲ್ಲಿ ತನ್ನದೊಂದೇ ಹೊಟ್ಟೆಯಾದ್ದರಿಂದ ಹಕ್ಕಿ ಹೆಚ್ಚಾಗಿ ಕೂತು ಕಾಯುತ್ತದೆ. ಮರಿ ಮಾಡುವ ಕಾಲದಲ್ಲಿ ಗೂಡಿನ ಹೆಣ್ಣಿಗೂ ಮರಿಗಳಿಗೂ ಗಂಡೇ ತಂದು ಹಾಕಬೇಕು. ಆಗ ದಿನವಿಡೀ ಹಾರಾಟ.

ಅವರು 1981ರಲ್ಲಿ ಪ್ರಕಟಿಸಿದ ಸಂಗತಿಯಂತೂ ನನಗೆ ಎಲ್ಲ ಪವಾಡಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅಲ್ಲಿನ ವೋಲ್ ಎಂಬ ಗಿಡ್ಡ ಬಾಲದ ಇಲಿಗಳು ಸುಮಾರು ಎರಡು ಗಂಟೆಗೊಮ್ಮೆ ಒಟ್ಟಾಗಿ ಬಿಲ ಬಿಟ್ಟು ಹೊರಬರುತ್ತವೆ. ಚಾಣಗಳು ಆ ಹೊತ್ತು ಹಿಡಿದಿದ್ದವು. ನಿನ್ನೆ ಇಲಿ ಸಿಕ್ಕ ಜಾಗಕ್ಕೆ ಇವತ್ತು ಅದೇ ಸಮಯಕ್ಕೆ ಮರಳುತ್ತಿದ್ದವು. ಹಗಲು ಹಿಡಿದದ್ದರಲ್ಲಿ ಕೆಲವನ್ನು ಬಚ್ಚಿಟ್ಟು ಸಂಜೆ ಬಂದು ತಿನ್ನುತ್ತಿದ್ದವು. ಹಗಲು ಮೈ ಹಗುರ, ರಾತ್ರಿ ಹೊಟ್ಟೆ ತುಂಬ. ಸಿಕ್ಕಿದ್ದನ್ನು ಸಿಕ್ಕಲ್ಲೇ ನುಂಗುವುದಷ್ಟೇ ಬೇಟೆ ಹಕ್ಕಿಗೆ ಗೊತ್ತು ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಇನ್ನು ಎಲ್ಲ ಕಡೆ ಓದಸಿಗುವ ಕತೆ: ಇಲಿಗಳು ಓಡಾಡುವ ದಾರಿಯಲ್ಲಿ ಬಿಟ್ಟ ಮೂತ್ರ ನೇರಳಾತೀತ ಕಿರಣದಲ್ಲಿ ಹೊಳೆಯುತ್ತದೆ, ಚಾಣ ಆ ಹೊಳಪಿನ ಜಾಡು ಹಿಡಿದು ಇಲಿಯನ್ನು ಪತ್ತೆಹಚ್ಚುತ್ತದೆ. ಇದು ಯಾರೋ ಕಟ್ಟಿದ್ದಲ್ಲ. ಯೂಸಿ ವೀಟಲ ಮತ್ತಿತರ ಫಿನ್ಲೆಂಡಿನ ಸಂಶೋಧಕರು 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಯೋಗದ ಸಮೇತ ಮಂಡಿಸಿದ ವಿಚಾರ. ಮುಂದೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಓಲೆ ಲಿಂಡ್, ಆಲ್ಮುಟ್ ಕೆಲ್ಬರ್ ಮೊದಲಾದವರು ಬೇಟೆ ಹಕ್ಕಿಗಳ ಕಣ್ಣನ್ನೂ ಇಲಿಯ ಮೂತ್ರವನ್ನೂ ನೇರವಾಗಿ ಅಳೆದರು. 2013ರಲ್ಲಿ ಬಂದ ಫಲಿತಾಂಶ ಎರಡೂ ಕಡೆಯಿಂದ ಕತೆಯನ್ನು ಸಡಿಲಿಸಿತು. ಬಹುಪಾಲು ನೇರಳಾತೀತ ಬೆಳಕು ಕಣ್ಣಿನ ಮುಂಭಾಗದಲ್ಲೇ ಹೀರಿಹೋಗಿ ಒಳಪರದೆ ತಲುಪುವುದಿಲ್ಲ. ಮೂತ್ರವೂ ಸುತ್ತಲಿನ ನೆಲದಿಂದ ಎದ್ದು ಕಾಣುವಷ್ಟು ಬೇರೆಯಾಗಿಲ್ಲ. ಮೊದಲ ಲೇಖನ ಶಾಲೆಯ ಪಾಠದವರೆಗೆ ಇಳಿಯಿತು, ಎರಡನೆಯದು ಪ್ರಯೋಗಾಲಯದಾಚೆ ಬರಲೇ ಇಲ್ಲ ಎಂಬುದು ನನಗೆ ಕಳವಳದ ವಿಷಯ. ಹಾಗಾದರೆ ಇಲಿ ಕಾಣುವುದು ಹೇಗೆ? ಅದು ಅಲ್ಲಾಡುತ್ತದೆ, ಹುಲ್ಲು ನಡುಗುತ್ತದೆ. ಅದಕ್ಕೇ ತಲೆ ಅಷ್ಟು ನಿಶ್ಚಲವಾಗಿರಬೇಕು.

ಮನುಷ್ಯನಿಗಿಂತ ಎಂಟು ಪಟ್ಟು ಚುರುಕು ಕಣ್ಣು ಎಂಬುದೂ ಅತಿಶಯೋಕ್ತಿ. ದೊಡ್ಡ ಕಣ್ಣಿನ ಹದ್ದುಗಳು ನಮಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಸೂಕ್ಷ್ಮ ವಿವರ ಕಾಣಬಲ್ಲವು ನಿಜ. ಆದರೆ ಅಮೆರಿಕದ ಪುಟ್ಟ ಚಾಣದ ಮೇಲೆ 1982ರಲ್ಲೂ ಆಮೇಲೂ ನಡೆದ ಪರೀಕ್ಷೆಗಳಲ್ಲಿ ಅದರ ದೃಷ್ಟಿ ನಮ್ಮದನ್ನು ಮೀರಲಿಲ್ಲ. ಕಣ್ಣು ಚಿಕ್ಕದಾದಷ್ಟೂ ಅದಕ್ಕೆ ಮಿತಿಯಿದೆ.

ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಎರಗುವುದು ಪೆರೆಗ್ರಿನ್ ಎಂಬ ದೊಡ್ಡ ಚಾಣ. ನಮ್ಮ ಕೆಸ್ಟ್ರೆಲ್ ಮೆಟ್ಟಿಲು ಇಳಿದ ಹಾಗೆ ಹಂತಹಂತವಾಗಿ ತಗ್ಗಿ, ಕೊನೆಗೆ ಮಿಡತೆಯ ಮೇಲೋ ಹಲ್ಲಿಯ ಮೇಲೋ ಬೀಳುತ್ತದೆ. ಇದೇ ಬಯಲಿನ ಕೆಂಪುತಲೆ ಚಾಣದ ರೀತಿ ಮತ್ತೊಂದು: ಗಂಡುಹೆಣ್ಣು ಜೊತೆಯಾಗಿ ಚಿಕ್ಕ ಹಕ್ಕಿಗಳನ್ನು ಅಟ್ಟಿಸಿಕೊಂಡು ಹೋಗುತ್ತವೆ.

ಉಗುರಿನಿಂದ ಕೊಲ್ಲುತ್ತದೆ ಎಂಬುದು ಗಿಡುಗನಿಗೆ ಸಲ್ಲುವ ಮಾತು. ಚಾಣ ಕಾಲಿನಿಂದ ಹಿಡಿದು, ಮೇಲ್ಕೊಕ್ಕಿನ ಅಂಚಿನಲ್ಲಿರುವ ಹಲ್ಲಿನಂಥ ಮೊನೆಯಿಂದ ಕತ್ತಿನ ಮೂಳೆ ಕಚ್ಚಿ ಮುರಿಯುತ್ತದೆ. ರೂಪ ಒಂದೇ ಥರ ಇದ್ದರೂ ವಂಶ ಬೇರೆ: 2008ರಿಂದೀಚಿನ ವಂಶವಾಹಿ ಅಧ್ಯಯನಗಳ ಪ್ರಕಾರ ಚಾಣಗಳು ಹದ್ದು, ಗಿಡುಗಗಳಿಗಿಂತ ಗಿಳಿ, ಗುಬ್ಬಿಗಳಿಗೆ ಹತ್ತಿರದ ನೆಂಟರು.

ಉಳಿದದ್ದು ಕೋಳಿಮರಿಯ ಆರೋಪ. ಆಕಾಶದಲ್ಲಿ ಕೊಕ್ಕು ಬಾಗಿದ ಯಾವ ಹಕ್ಕಿ ಕಂಡರೂ ಕಲ್ಲು ಬೀರುವವರಿದ್ದಾರೆ. ಕೋಳಿಮರಿ ಎತ್ತುವುದು ಸಾಮಾನ್ಯವಾಗಿ ಹದ್ದು ಅಥವಾ ಬಿಜ್ಜು. ನಮ್ಮ ಹೊಲಗಳಲ್ಲಿ ಚಾಣದ ಮುಖ್ಯ ಆಹಾರ ಮಿಡತೆ, ಓತಿ, ಸುಂಡಿಲಿ. ಅದಕ್ಕೆ ನಿಜವಾದ ಅಪಾಯ ಇಲಿಪಾಷಾಣ. ವಿಷ ತಿಂದ ಇಲಿ ತಕ್ಷಣ ಸಾಯದೆ ಬಯಲಲ್ಲಿ ತೂರಾಡುತ್ತದೆ, ಸುಲಭವಾಗಿ ಸಿಕ್ಕುತ್ತದೆ, ತಿಂದ ಹಕ್ಕಿಯ ಮೈಗೂ ವಿಷ ಸೇರುತ್ತದೆ. ಕಾಯಿಕೊರಕ ತಿನ್ನುವ ಹಕ್ಕಿಗಳಿಗಾಗಿ ಕಡಲೆ, ತೊಗರಿ ಹೊಲದಲ್ಲಿ ಅಡ್ಡಪಟ್ಟಿ ಹೊಡೆದ ಕೋಲು ನೆಡಲು ಕೃಷಿ ತಜ್ಞರು ಹೇಳುತ್ತಾರಲ್ಲ, ಕೂತು ಕಾಯುವ ಚಾಣಕ್ಕೂ ಅಂಥದ್ದೇ ಒಂದು ಕೋಲು ಬೇಕು. ಬೆಳೆಗಿಂತ ತುಸು ಎತ್ತರವಿದ್ದು ಸುತ್ತಲ ನೆಲ ಕಾಣುವಂತಿದ್ದರೆ ಸಾಕು. ಆ ಹೊಲದಲ್ಲಿ ಪಾಷಾಣ ಮಾತ್ರ ಇಡಬಾರದು.