ನಿಮಗಿದು ಗೊತ್ತೆ? ಉಪ್ಪುನೀರು ಕುಡಿಸುವಂತಿಲ್ಲ!
ಬೆಂಗಳೂರಿನ ಹೊರವಲಯದ ಅತ್ತಿಬೆಲೆಯಂಥ ಕೈಗಾರಿಕಾ ಪ್ರದೇಶಗಳ ಬಾಡಿಗೆ ವಠಾರಗಳಲ್ಲಿ ಬಿಡಿಯಾಗಿ ಕೊಂಡ ಫಿನಾಯಿಲು, ಆ್ಯಸಿಡ್ಡು ಹಳೆಯ ನೀರಿನ ಬಾಟಲಿಗೇ ಸೇರುವುದುಂಟು. ರಾತ್ರಿ ಪಾಳಿ ಮುಗಿಸಿ ಬಂದವರು ನಿದ್ದೆಗಣ್ಣಲ್ಲಿ ಎತ್ತಿ ಕುಡಿಯಲು ಅಷ್ಟು ಸಾಕು. ಆಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಡುತ್ತೇವಲ್ಲ, ಅದೇ ತಪ್ಪು. ಇಳಿಯುವಾಗ ಅನ್ನನಾಳ ಸುಟ್ಟ ಆ್ಯಸಿಡ್ಡು ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ನುಗ್ಗಿ ನ್ಯುಮೋನಿಯಾ ತರಬಹುದು. ನಿಂಬೆರಸ ಕುಡಿಸುವ ಅಡುಗೆಮನೆ ರಸಾಯನಶಾಸ್ತ್ರವೂ ಬೇಡ. ಎಚ್ಚರವಿದ್ದರೆ ಬಾಯಿ ಮುಕ್ಕಳಿಸಿ ಉಗುಳಲಿ. 108ಕ್ಕೆ ಕರೆ ಮಾಡಿ. ಆ ಬಾಟಲಿಯನ್ನೂ ಮುಚ್ಚಳ ಬಿಗಿದು ಆಸ್ಪತ್ರೆಗೆ ಒಯ್ಯಿರಿ. ದಿಲ್ಲಿಯ ಏಮ್ಸ್‌ನಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲೂ ರಾತ್ರಿ ಸಲಹೆ ಕೊಡುತ್ತದೆ. ಉಚಿತ ಕರೆಗೆ: 1800 116 117.