ಹಸುಗೂಸಿನ ಪಾಸ್‌ಪೋರ್ಟ್ ಭಾವಚಿತ್ರ: ಮನೆಯಲ್ಲೇ ತೆಗೆಯುವ ಬಗೆ

ಹೊಟ್ಟೆಪಾಡಿಗಾಗಿ ಮುಂಬಯಿಗೋ ದಿಲ್ಲಿಗೋ ಬಂದು ನೆಲಸಿದ ನಮ್ಮ ಹಿರಿಯರಿಗೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವುದೇ ದೊಡ್ಡ ಪ್ರಯಾಣವಾಗಿತ್ತು. ಇಂದು ಅವರ ಮೊಮ್ಮಕ್ಕಳು, ಮರಿಮಕ್ಕಳು ಹಲ್ಲು ಮೂಡುವ ಮುನ್ನವೇ ಕಡಲು ದಾಟುವ ಸಂದರ್ಭಗಳು ಒದಗುತ್ತಿವೆ. ಹೀಗೆ ವಿದೇಶಕ್ಕೆ ಹೊರಡುವ ಕೂಸು ಎಷ್ಟೇ ಚಿಕ್ಕದಾಗಿರಲಿ, ಅದಕ್ಕೂ ಪ್ರತ್ಯೇಕ ಪಾಸ್‌ಪೋರ್ಟು ಬೇಕು. ಪಾಸ್‌ಪೋರ್ಟಿಗೆ ಭಾವಚಿತ್ರ ಬೇಕು.

ದೊಡ್ಡವರ ಚಿತ್ರವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೇ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳ ಚಿತ್ರವನ್ನು ಮಾತ್ರ ತಾಯ್ತಂದೆಯರೇ ಒಯ್ಯಬೇಕು. ಅದು 3.5 ಸೆಂಟಿಮೀಟರು ಅಗಲ, 4.5 ಸೆಂಟಿಮೀಟರು ಎತ್ತರವಿದ್ದು, ಹಿನ್ನೆಲೆ ಬಿಳಿಯದಾಗಿರಬೇಕು. ಚಿತ್ರ ಸರಿಯಿಲ್ಲವೆಂದು ಹಿಂದಿರುಗಿಸಿದರೆ ರಜೆ ಹಾಕಿ ಬಂದ ದಿನ ವ್ಯರ್ಥ. ಟಿಕೆಟು ಕೊಂಡವರಿಗೆ ಆತಂಕ ಬೇರೆ. ಸ್ವಲ್ಪ ಎಚ್ಚರ ವಹಿಸಿದರೆ ಈ ಚಿತ್ರವನ್ನು ಮನೆಯಲ್ಲಿಯೇ, ಕೈಯಲ್ಲಿರುವ ಮೊಬೈಲಿನಿಂದಲೇ ತೆಗೆಯಬಹುದು.

ನಿಯಮದ ಉದ್ದೇಶ

ಪಾಸ್‌ಪೋರ್ಟಿನಲ್ಲಿ ಭಾವಚಿತ್ರ ಅಂಟಿಸುವ ಪದ್ಧತಿ ವ್ಯಾಪಕವಾದದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಇಂದಿನ ನಿಯಮಗಳಿಗೆ ಆಧಾರವಾದುದು ಮಾಂಟ್ರಿಯಲ್ ನಗರದಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1980ರಲ್ಲಿ ಮೊದಲು ಪ್ರಕಟಿಸಿದ, ಆ ಮೇಲೆ ಪರಿಷ್ಕರಿಸುತ್ತ ಬಂದ ಮಾನದಂಡ. ಗಡಿಯಲ್ಲಿ ನಿಂತ ಅಧಿಕಾರಿಯೂ ಯಂತ್ರವೂ ಮುಖವನ್ನು ನಿಸ್ಸಂದೇಹವಾಗಿ ಗುರುತಿಸಬೇಕೆಂಬುದೇ ಅದರ ಸಾರ. ಮುಖ ನೇರವಾಗಿರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ನೆರಳು ಬೀಳಬಾರದು ಎಂಬ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದವು. ಅಂದವಾದ ಚಿತ್ರ ಇಲ್ಲಿ ಮುಖ್ಯವಲ್ಲ. ಸ್ಪಷ್ಟವಾದ ಚಿತ್ರ ಮುಖ್ಯ.

ಪೂರ್ವಸಿದ್ಧತೆ

ನಮ್ಮ ಮನೆಗಳಲ್ಲಿ ಕೂಸಿನ ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು ಇಡುವುದುಂಟು. ಚಿತ್ರದಲ್ಲಿ ಇವು ಮುಖದ ಸಹಜ ಗುರುತುಗಳನ್ನು ಮರೆಮಾಡುತ್ತವೆ. ಹಿಂದಿನ ದಿನವೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೃದುವಾದ ಬಟ್ಟೆಯಿಂದ ಒರಸಿಬಿಡಿ. ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶ ಕಂಡುಬಂದಿರುವುದರಿಂದ ಕಣ್ಣಿಗೆ ಕಾಡಿಗೆ ಹಚ್ಚದಿರುವುದೇ ಆರೋಗ್ಯಕ್ಕೂ ಲೇಸು. ಕುಲಾವಿ, ತಲೆಪಟ್ಟಿ ಬೇಡ. ಬಿಳಿಯ ಅಂಗಿ ಹಿನ್ನೆಲೆಯಲ್ಲಿ ಕರಗಿಹೋಗುವುದರಿಂದ ಬಣ್ಣದ ಅಂಗಿ ತೊಡಿಸಿ.

ಹೊಟ್ಟೆ ತುಂಬಿ, ನಿದ್ದೆ ಮುಗಿದ ಸಮಯ ಅನುಕೂಲವಾದುದು. ಹಾಲು ಕುಡಿದೊಡನೆ ಅಂಗಾತ ಮಲಗಿಸಿದರೆ ಹಾಲು ಕಕ್ಕಬಹುದು. ತೇಗು ಬರಿಸಿ, ಅರ್ಧ ಗಂಟೆ ಬಿಟ್ಟು ಪ್ರಾರಂಭಿಸಿ.

ಚಿತ್ರ ತೆಗೆಯುವ ಕ್ರಮ

ಮೂರು ನಾಲ್ಕು ತಿಂಗಳವರೆಗೆ ಕೂಸಿಗೆ ಕತ್ತು ನಿಲ್ಲದು. ಅದನ್ನು ಎತ್ತಿ ಕೂರಿಸುವ ಸಾಹಸ ಸಲ್ಲದು. ನೆಲದ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಒಗೆದ ಬಿಳಿಯ ಪಂಚೆಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಹರಡಿ, ಕೂಸನ್ನು ಅಂಗಾತ ಮಲಗಿಸಿ. ಮಂಚದ ಮೇಲಾದರೆ ಉರುಳಿ ಬೀಳುವ ಭಯ. ನೆಲದ ಮೇಲೆ ಆ ಭಯವಿಲ್ಲ. ತಲೆಯ ಕೆಳಗೆ ದಿಂಬು ಬೇಡ.

ನಗರದ ಚಿಕ್ಕ ಮನೆಯಲ್ಲಿಯೂ ಬೆಳಕು ಬರುವ ಕಿಟಕಿ ಒಂದಾದರೂ ಇದ್ದೇ ಇರುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಕೂಸಿನ ತಲೆ ಕಿಟಕಿಯ ಕಡೆಗಿರುವಂತೆ ಮಲಗಿಸಿದರೆ ಬೆಳಕು ಹಣೆಯಿಂದ ಗಲ್ಲದತ್ತ ಸಹಜವಾಗಿ ಹರಿಯುತ್ತದೆ. ಕೆನ್ನೆಯ ಒಂದು ಪಕ್ಕ ಕಪ್ಪಾಗಿ ಕಂಡರೆ ಆ ಪಕ್ಕದಲ್ಲಿ ಬಿಳಿಯ ಬಟ್ಟೆಯೊಂದನ್ನು ಹಿಡಿದು ಬೆಳಕನ್ನು ತಿರುಗಿಸಬಹುದು. ಫ್ಲ್ಯಾಷ್ ಬಳಸಿದರೆ ಕಣ್ಣು ಕೆಂಪಾಗಿ ಕಾಣಬಹುದು, ಹಿಂದೆ ನೆರಳೂ ಬೀಳಬಹುದು, ಅದನ್ನು ಆರಿಸಿಡಿ.

ಮೊಬೈಲನ್ನು ಮುಖದ ಸಮೀಪಕ್ಕೆ ಒಯ್ದರೆ ಮೂಗು ದಪ್ಪವಾಗಿ, ಕಿವಿಗಳು ಹಿಂದೆ ಸರಿದಂತೆ ಮುಖ ವಿಕಾರವಾಗುತ್ತದೆ. ಸುಮಾರು ಒಂದು ಮೀಟರು ಎತ್ತರದಿಂದ, ಕೂಸಿನ ಮುಖದ ನೇರ ಮೇಲಿನಿಂದ, ಜೂಮ್ ಮಾಡಿ ತೆಗೆಯುವುದು ಮೇಲು. ಮೊಬೈಲು ಕೈಜಾರಿ ಕೂಸಿನ ಮೇಲೆ ಬೀಳದಂತೆ ಅದರ ದಾರವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ಹಿಡಿಯಿರಿ.

ಆಗತಾನೆ ಹುಟ್ಟಿದ ಕೂಸಿಗೆ 20ರಿಂದ 30 ಸೆಂಟಿಮೀಟರು ದೂರದ ವಸ್ತು ಮಾತ್ರ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಅದು ಮೊಬೈಲನ್ನು ದಿಟ್ಟಿಸಲೆಂದು ನಿರೀಕ್ಷಿಸಬೇಡಿ. ತಾಯಿಯ ದನಿಗೆ ಅದು ಮುಖ ತಿರುಗಿಸುತ್ತದೆ. ತಾಯಿ ಚಿತ್ರ ತೆಗೆಯುವವರ ಬಳಿಯೇ ನಿಂತು ಮಾತನಾಡಿಸಲಿ. ಸ್ವಲ್ಪ ದೊಡ್ಡ ಕೂಸಾದರೆ ಮೊಬೈಲಿನ ಹಿಂದೆ ಬಳೆಗಳನ್ನು ಕಿಣಿಕಿಣಿಸಿದರೆ ಸಾಕು. ಆಸರೆಯಿಂದ ಕೂರುವ ಮಗುವನ್ನು ಗೋಡೆಗೆ ಕಟ್ಟಿದ ಬಿಳಿಯ ಬಟ್ಟೆಯ ಮುಂದೆ ಕೂರಿಸಿ, ಒಬ್ಬರು ಸೊಂಟವನ್ನು ಹಿಡಿದುಕೊಂಡಿರಲಿ. ಹಿಡಿದ ಕೈ ಚಿತ್ರದಲ್ಲಿ ಕಾಣಬಾರದು. ಆಟಿಕೆ, ಚೀಪುವ ರಬ್ಬರು ಕೂಡದು. ಇಪ್ಪತ್ತು ಮೂವತ್ತು ಚಿತ್ರ ತೆಗೆದರೆ ಒಂದೆರಡು ಸರಿಬರುತ್ತವೆ. ಕೂಸು ಅಳತೊಡಗಿದರೆ ಅಂದಿಗೆ ನಿಲ್ಲಿಸಿಬಿಡಿ.

ಮುದ್ರಣದ ಮುನ್ನ

ತಲೆಯ ಸುತ್ತ ಸಾಕಷ್ಟು ಜಾಗ ಬಿಟ್ಟು ತೆಗೆದ ಮೂಲಚಿತ್ರವನ್ನು ಜೋಪಾನವಾಗಿಡಿ. ಅಮೆರಿಕದ ವೀಸಾಕ್ಕೆ ಎರಡು ಅಂಗುಲದ ಚೌಕ ಚಿತ್ರ ಬೇಕು. ಒಂದೇ ಮೂಲದಿಂದ ಎರಡನ್ನೂ ಕತ್ತರಿಸಿಕೊಳ್ಳಬಹುದು. ಹಸುಗೂಸಿನ ಕಣ್ಣು ಪೂರ್ತಿ ತೆರೆಯದಿದ್ದರೂ ಅಮೆರಿಕದ ಪಾಸ್‌ಪೋರ್ಟಿಗೆ ಒಪ್ಪುತ್ತಾರೆ. ಬ್ರಿಟನ್ನಿನ ಪಾಸ್‌ಪೋರ್ಟಿನಲ್ಲಿ ಒಂದು ವರ್ಷದೊಳಗಿನ ಕೂಸು ಕಣ್ಣು ಮುಚ್ಚಿದ್ದರೂ ಆಕ್ಷೇಪವಿಲ್ಲ. ಈ ರಿಯಾಯಿತಿಗಳನ್ನು ನಮ್ಮ ಪಾಸ್‌ಪೋರ್ಟಿಗೆ ಅನ್ವಯಿಸಿಕೊಳ್ಳದೆ, ಕಣ್ಣು ತೆರೆದ ಚಿತ್ರವನ್ನೇ ಒಯ್ಯುವುದು ಕ್ಷೇಮ. ಅರ್ಜಿ ಹಾಕುವಾಗ ಆಯಾ ಕಚೇರಿಯ ಸೂಚನೆಯನ್ನು ಒಮ್ಮೆ ಓದಿಕೊಳ್ಳುವುದು ಅಗತ್ಯ.

ಬಣ್ಣ ತಿಳಿಮಾಡುವುದು, ಮಚ್ಚೆ ಅಳಿಸುವುದು, ಕಂಪ್ಯೂಟರಿನಿಂದ ಹಿನ್ನೆಲೆ ಬದಲಿಸುವುದು ಇವಾವುವೂ ಬೇಡ. ತಿದ್ದಿದ ಚಿತ್ರ ತಿರಸ್ಕೃತವಾದೀತು. ಮಕ್ಕಳ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಐದು ವರ್ಷ ಅವಧಿ. ಅಷ್ಟರಲ್ಲಿ ಕೂಸಿನ ಮುಖ ತಾನಾಗಿಯೇ ಎಷ್ಟೋ ಬದಲಾಗುತ್ತದೆ. ಆ ಬದಲಾವಣೆಗೆ ನಮ್ಮ ಕೈಚಳಕವೂ ಸೇರಿದರೆ ಗುರುತಿಸುವುದು ಇನ್ನಷ್ಟು ಕಷ್ಟ. ಬೆಳಕು, ಬಟ್ಟೆ, ಸಮಯ ಇವು ಮೂರನ್ನೂ ನಾವು ಹೊಂದಿಸಿಕೊಳ್ಳಬಹುದು. ಕೂಸನ್ನು ಮಾತ್ರ ಒತ್ತಾಯಿಸಲಾಗದು. ಅದರ ಅನುಕೂಲಕ್ಕೆ ಕಾಯುವ ತಾಳ್ಮೆಯುಳ್ಳ ಮನೆಯವರೇ ಇದಕ್ಕೆ ತಕ್ಕ ಛಾಯಾಗ್ರಾಹಕರು.